ಅಥಣಿಯ ಚಪ್ಪಲಿ, ಉಗಾರದ ಸಕ್ಕರೆ

ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಾನು ಒಂದು ಉತ್ತರವನ್ನು ಬಾಕಿ ಉಳಿಸಿಕೊಂಡಿದ್ದೇನೆ.

ಆಗ ಅಥಣಿ ತಾಲೂಕಿನಲ್ಲಿದ್ದು, ಈಗ ಕಾಗವಾಡಕ್ಕೆ ಸೇರಿರುವ ಉಗಾರದ ಸಕ್ಕರೆ ಕಾರ್ಖಾನೆಗೆ ಮಕ್ಕಳನ್ನು ಕರೆದೊಯ್ದಿದ್ದೆವು. ಅಲ್ಲಿನ ಪ್ರಯೋಗಾಲಯದಲ್ಲಿ ಪೋಲಾರಿಮೀಟರ್ ಇತ್ತು. ಕಬ್ಬಿನ ರಸದ ಸಕ್ಕರೆಯು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತೆಂಬುದರಿಂದ ಸಕ್ಕರೆಯ ಅಂಶ ತಿಳಿಯುತ್ತದೆ. ಅಣುಗಳಲ್ಲಿಯೂ ಜೋಡಿ ಚಪ್ಪಲಿಯಂತೆ ಎಡ ಬಲಗಳಿವೆ ಎಂದು ವಿವರಿಸಿದೆ. ಅಥಣಿಯ ಚಪ್ಪಲಿ ಮಾಡುವ ಮನೆತನದ ಹುಡುಗ ಕೇಳಿದ: “ಇದು ಬಲಗಾಲಿಂದ ಅಂತ ಹ್ಯಾಂಗ ಗೊತ್ತಾತ್ರಿ ಸರ?”

“ಬೆಳಕು ಬಲಕ್ಕೆ ತಿರುಗಿತಲ್ಲ” ಎಂದೆ. ಅವನು ಸುಮ್ಮನಾದ. ನನ್ನ ಉತ್ತರ ತಪ್ಪಾಗಿತ್ತು.

ಬೆಳಕು ತಿರುಗುವ ದಿಕ್ಕಿಗೂ ಅಣುವಿನ ಆಕಾರಕ್ಕೂ ಅಂಥ ನೇರ ಸಂಬಂಧವಿಲ್ಲ. ಗ್ಲುಕೋಸಿನ ಬಳಗದ್ದೇ ಆದ ಫ್ರಕ್ಟೋಸ್ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ! ಎಮಿಲ್ ಫಿಷರ್ 1891ರಲ್ಲಿ ಎರಡು ಆಕಾರಗಳಲ್ಲಿ ಒಂದನ್ನು ಊಹೆಯಿಂದಲೇ ಆರಿಸಿಕೊಂಡಿದ್ದರು. ಕ್ಷ-ಕಿರಣವೂ ಮೊದಲು ನೆರವಾಗಲಿಲ್ಲ. ಹರಳಿನ ಒಂದು ಮುಖದಿಂದ ಬಂದ ಪ್ರತಿಫಲನಕ್ಕೂ ಅದರ ಬೆನ್ನಿನಿಂದ ಬಂದುದಕ್ಕೂ ತೀವ್ರತೆ ಒಂದೇ. ತೂಕ ನೋಡಿ ಚಪ್ಪಲಿಯ ಎಡ ಬಲ ಹೇಳಲಾದೀತೇ?

ದಾರಿ ತೋರಿದ್ದು ಅಸಂಗತ ಚದುರುವಿಕೆ. ಒಂದು ಪರಮಾಣುವಿನ ಒಳ ಎಲೆಕ್ಟ್ರಾನುಗಳು ಹೀರುವ ಅಲೆಯುದ್ದಕ್ಕೆ ಹತ್ತಿರವಾದ ಕ್ಷ-ಕಿರಣವನ್ನು ಹಾಯಿಸಿದರೆ, ಅದನ್ನು ಚದುರಿಸುವಾಗ ಆ ಪರಮಾಣು ಲಯ ತಪ್ಪುತ್ತದೆ. ಲೆಕ್ಕದಲ್ಲಿ ಇದಕ್ಕೆ ಎರಡು ತಿದ್ದುಪಡಿಗಳು: ಒಂದು ಚದುರಿಸುವ ಬಲಕ್ಕೆ, ಇನ್ನೊಂದು ಆ ಲಯಭಂಗಕ್ಕೆ. ಎರಡನೆಯದರಿಂದ ಮುಖ-ಬೆನ್ನುಗಳ ಸಮಾನತೆ ತುಸು ಕೆಡುತ್ತದೆ. ಯೂಟ್ರೆಕ್ಟಿನ ಬೈವೂಟ್ ಮತ್ತು ಸಂಗಡಿಗರು 1951ರಲ್ಲಿ ಟಾರ್ಟಾರಿಕ್ ಆಮ್ಲದ ಸೋಡಿಯಂ-ರುಬಿಡಿಯಂ ಲವಣದ ಮೇಲೆ ಜಿರ್ಕೋನಿಯಂ ಕಿರಣ ಹಾಯಿಸಿ ಇದನ್ನೇ ಅಳೆದರು. ಫಿಷರರ ಊಹೆ ಸರಿಯಾಗಿತ್ತು, ಅದೃಷ್ಟ!

ನಮ್ಮ ಬೆಂಗಳೂರಿನವರೂ ಹಿಂದೆ ಬೀಳಲಿಲ್ಲ. ಎಸ್. ರಾಮಶೇಷನ್ ಮತ್ತು ಸಹೋದ್ಯೋಗಿಗಳು 1957ರಲ್ಲಿ ಈ ವಿಧಾನವನ್ನು ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಅನ್ವಯಿಸಿದರು. ಬಾವಿಗೆ ಹಾಕುತ್ತಿದ್ದೆವಲ್ಲ, ಆ ನೇರಳೆ ಹರಳು.

ಈಗ ಗಣಕಯಂತ್ರವೇ ಈ ತಿದ್ದುಪಡಿಗಳನ್ನು ಸೇರಿಸಿ ರಚನೆಯನ್ನು ಪರಿಷ್ಕರಿಸುತ್ತದೆ. 1983ರಲ್ಲಿ ಫ್ಲಾಕ್ ಸೂಚಿಸಿದ ಸಂಖ್ಯೆ 0ಕ್ಕೆ ಹತ್ತಿರವಿದ್ದರೆ ಆರಿಸಿದ ಕೈ ಸರಿ. 1ಕ್ಕೆ ಹತ್ತಿರವಿದ್ದರೆ ರಚನೆಯನ್ನು ತಿರುವಬೇಕು. ಆದರೆ ಸಕ್ಕರೆಯಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಇಂಥ ಹಗುರ ಪರಮಾಣುಗಳಿಗೆ ತಿದ್ದುಪಡಿ ಅತ್ಯಲ್ಪ. ಎಚ್ಚರದಿಂದ ಅಳೆಯದಿದ್ದರೆ ಆ ಸಂಖ್ಯೆಯನ್ನು ನಂಬುವಂತಿಲ್ಲ. ಹುಡುಗ ಕೇಳಿದ್ದು ಸುಲಭದ ಪ್ರಶ್ನೆಯಾಗಿರಲಿಲ್ಲ.

ಅಂದಿನ ಪ್ರವಾಸದಲ್ಲಿದ್ದವರು ಯಾರಾದರೂ ಇದನ್ನು ಅವನಿಗೆ ತಲುಪಿಸಿದರೆ ಉಪಕಾರವಾದೀತು.