ಕೊನೆಯ ನೆಗೆತಗಳು ಏಕೆ ಹತ್ತಿರ ಹತ್ತಿರ?

ಮಕ್ಕಳೇ, ಹೆಂಚಿನ ಚಪ್ಪಟೆ ಚೂರನ್ನು ಕೆರೆಯ ನೀರಿನ ಮೇಲೆ ಓರೆಯಾಗಿ ಬೀಸಿ ಎಸೆದಿದ್ದೀರಲ್ಲವೇ? ಅದು ಮುಳುಗದೆ ಕಪ್ಪೆಯಂತೆ ಕುಪ್ಪಳಿಸುತ್ತಾ ಹೋಗುತ್ತದೆ. ಸದಾ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ ಕೆರೆ ತುಂಬಿದ ವರ್ಷ ಈ ಆಟಕ್ಕೆ ಬಿಡುವೇ ಇರುವುದಿಲ್ಲ!

ಜಂಗಮಕೋಟೆ ಹೋಬಳಿಯ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಮೊದಲು ದೂರ ದೂರ ನೆಗೆಯೋ ಕಲ್ಲು ಕೊನೆಗೆ ಯಾಕೆ ಹತ್ತಿರ ಹತ್ತಿರ ಬೀಳುತ್ತೆ?" ಎಂದು ಕೇಳಿದಳು. "ಇದಕ್ಕೆ ಕಲನಶಾಸ್ತ್ರ ಬೇಕಮ್ಮ" ಎಂದೆ. ಅವಳ ಮುಖ ಸಪ್ಪಗಾಯಿತು. ಆ ಲೆಕ್ಕಕ್ಕೇ ಹೆದರಿ ಅವಳ ಅಣ್ಣ ಪಿ.ಯು.ಸಿ.ಯಲ್ಲಿ ವಿಜ್ಞಾನ ಬಿಟ್ಟನಂತೆ. ಇವಳೂ ಬಿಟ್ಟರೆ? ಅದಕ್ಕೇ ಸಂಕೇತಗಳಿಲ್ಲದೆ ಹೇಳಿದೆ. ನಿಮಗೂ ಹೇಳುತ್ತೇನೆ.

ಕಲ್ಲು ನೀರನ್ನು ಮುಟ್ಟುವುದು ಸೆಕೆಂಡಿನ ನೂರು ಭಾಗಗಳಲ್ಲಿ ಕೆಲವೇ ಭಾಗದಷ್ಟು ಹೊತ್ತು. ಆಗ ಅದು ನೀರನ್ನು ಕೆಳಕ್ಕೂ ಮುಂದಕ್ಕೂ ತಳ್ಳುತ್ತದೆ; ನೀರು ಅದನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಆದರೆ ಕಲ್ಲಿನ ನೆನೆದ ಭಾಗ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಬಲವೂ ಬದಲಾಗುತ್ತದೆ. ಬದಲಾಗುತ್ತಲೇ ಇರುವುದನ್ನು ಲೆಕ್ಕ ಹಾಕುವುದು ಹೇಗೆ? ಈರುಳ್ಳಿ ಹೆಚ್ಚಿದಂತೆ ಆ ಹೊತ್ತನ್ನು ತೆಳು ತೆಳು ಚೂರು ಮಾಡಿ. ಒಂದು ಚೂರಿನೊಳಗೆ ಬಲ ಬದಲಾಗಲಿಲ್ಲ ಎಂದುಕೊಂಡು ಲೆಕ್ಕ ಹಾಕಿ, ಎಲ್ಲ ಚೂರುಗಳನ್ನೂ ಕೂಡಿಸಿ. ಚೂರು ತೆಳುವಾದಷ್ಟೂ ಉತ್ತರ ನಿಖರ. ಕಲನಶಾಸ್ತ್ರದ ತಿರುಳು ಇಷ್ಟೇ. 1150ರಲ್ಲೇ ಭಾಸ್ಕರಾಚಾರ್ಯರು ಗ್ರಹಗಳ 'ತಾತ್ಕಾಲಿಕ ಗತಿ', ಅಂದರೆ ಆ ಕ್ಷಣದ ವೇಗದ ಬಗ್ಗೆ ಬರೆದಿದ್ದರು.

ಫ್ರಾನ್ಸಿನ ವಿಜ್ಞಾನಿ ಲಿಡೆರಿಕ್ ಬೊಕೆ 2003ರಲ್ಲಿ ಈ ಆಟದ ಲೆಕ್ಕ ಹಾಕಿದರು. ಪ್ರತಿ ನೆಗೆತಕ್ಕೂ ಕಲ್ಲು ಹೆಚ್ಚುಕಡಿಮೆ ಒಂದೇ ಪ್ರಮಾಣದ ಚಲನಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಚಲನಶಕ್ತಿ ಇರುವುದು ವೇಗದ ವರ್ಗಕ್ಕೆ ತಕ್ಕಂತೆ. ವೇಗ ಅರ್ಧವಾದಾಗ ಶಕ್ತಿ ಕಾಲು ಭಾಗ ಮಾತ್ರ ಉಳಿದಿರುತ್ತದೆ. 16 ಬಾರಿ ನೆಗೆಯುವ ಕಲ್ಲಿನ ವೇಗ ಅರ್ಧಕ್ಕಿಳಿಯಲು 12 ನೆಗೆತ ಬೇಕು. ಉಳಿದರ್ಧ ವೇಗ ಕೊನೆಯ 4 ನೆಗೆತಗಳಲ್ಲೇ ಖಾಲಿ! ಒಂದೊಂದು ನೆಗೆತದ ಹೊತ್ತು ಸುಮಾರು ಒಂದೇ ಆದ್ದರಿಂದ, ವೇಗ ಕುಸಿದಂತೆ ದೂರವೂ ಕುಸಿಯುತ್ತದೆ.

"ಹಾಗಾದರೆ ಎರಡರಷ್ಟು ವೇಗದಲ್ಲಿ ಎಸೆದರೆ?" ಎಂದೆ. ಹುಡುಗಿ ಬೆರಳೆಣಿಸಿ, "ಶಕ್ತಿ ನಾಲ್ಕರಷ್ಟು, ನೆಗೆತವೂ ನಾಲ್ಕರಷ್ಟು ಸಾರ್" ಎಂದಳು. ಪಿ.ಯು.ಸಿ. ಪುಸ್ತಕವನ್ನು ಮುಟ್ಟಿಯೂ ಇರದವಳ ಉತ್ತರವಿದು.

2004ರಲ್ಲಿ ಬೊಕೆಯವರ ತಂಡ ಯಂತ್ರದಿಂದ ಬಿಲ್ಲೆ ಎಸೆದು ನೋಡಿತು. ಬಿಲ್ಲೆ ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿದ್ದರೆ ಒಳ್ಳೆಯದು. ಗಿರ್ರನೆ ತಿರುಗುತ್ತಿದ್ದರೆ ಆ ಓರೆ ಕೆಡುವುದಿಲ್ಲ. ಅಮೆರಿಕದ ಕರ್ಟ್ ಸ್ಟೈನರ್ 2013ರಲ್ಲಿ 88 ನೆಗೆತ ಮಾಡಿಸಿದರು. ಸಮುದ್ರತೀರದ ತೆಳು ನೀರಿನ ಮೇಲೆ ಹಲಗೆ ಜಾರಿಸಿ, ಅದರ ಮೇಲೆ ಹಾರಿ ನಿಲ್ಲುವ ಸ್ಕಿಮ್‌ಬೋರ್ಡ್ ಆಟದಲ್ಲೂ ನೀರಿನ ಈ ತಳ್ಳುವಿಕೆಯೇ ಆಧಾರ.

ನೀವೂ ಎಸೆದು ಎಣಿಸಿ, ಬರೆದಿಡಿ. ದೊಡ್ಡವರು ಜೊತೆಗಿರಲಿ. ದಡದಿಂದಲೇ ಎಸೆಯಿರಿ, ನೀರಿಗಿಳಿಯಬೇಡಿ. ಹೂಳೆತ್ತಿದ ಗುಂಡಿಗಳು ಕೆರೆ ತುಂಬಿದಾಗ ಕಣ್ಣಿಗೆ ಕಾಣುವುದಿಲ್ಲ.