ಕೊಡದೆ ಪಡೆದ ಚಿತ್ರ

ವ್ಯಾಪಾರದಲ್ಲಿ ಬೆಳೆದ ನಮ್ಮಂಥವರಿಗೆ ಅಚೌರ್ಯಾಣುವ್ರತವೆಂದೊಡನೆ ನೆನಪಾಗುವುದು ತಕ್ಕಡಿ ಮತ್ತು ಲೆಕ್ಕದ ಪುಸ್ತಕ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಆ ವ್ರತದ ಅತಿಚಾರಗಳನ್ನು ಎಣಿಸುವಾಗ ಹೆಚ್ಚುಕಡಿಮೆ ತೂಕವನ್ನೂ ಕಲಬೆರಕೆಯನ್ನೂ ಹೇಳಿರುವುದರಿಂದ ಇದು ಸಹಜವೇ. ಆದರೆ ಕಳವಿಗೆ ಅವರಿತ್ತ ಲಕ್ಷಣ ಇನ್ನೂ ವಿಶಾಲವಾದುದು: ಅದತ್ತಾದಾನ, ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಒಬ್ಬರ ಮುಖದ ಚಿತ್ರವೂ ಇದರೊಳಗೆ ಬರುವುದೇ? ಬರುವುದೆಂದೇ ನನ್ನ ಅಭಿಪ್ರಾಯ.

ಚಿತ್ರ ತೆಗೆದರೆ ಅವರದೇನು ಕಡಿಮೆಯಾಯಿತೆಂದು ಕೇಳುವವರುಂಟು. ಬೀದಿಯಲ್ಲಿ ಕಾಣುವ ಮುಖ ಬೀದಿಯಂತೆಯೇ ಎಲ್ಲರದು ಎನ್ನುವವರೂ ಉಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇಂಥದೇ ಶಂಕೆಯನ್ನೆತ್ತಿ ಉತ್ತರಿಸಿದ್ದಾರೆ. ಬೀದಿ, ಊರಬಾಗಿಲುಗಳಲ್ಲಿ ನಡೆಯುವ ಭಿಕ್ಷುವಿಗೆ ಕಳವಿನ ದೋಷವಿಲ್ಲ, ಅವು ಸರ್ವರಿಗೂ ತೆರೆದವು; ಮುಚ್ಚಿದ ಬಾಗಿಲನ್ನು ಆತ ಪ್ರವೇಶಿಸನು ಎಂಬುದು ಅದರ ಸಾರ. ಉಳ್ಳವನಿಗೆ ಮುಚ್ಚಿಕೊಳ್ಳಲು ಬಾಗಿಲಿದೆ. ರಸ್ತೆಯ ಅಂಚಿನಲ್ಲಿ ಅಡುಗೆ ಮಾಡಿ, ಅಲ್ಲಿಯೇ ಮಗುವಿಗೆ ಹಾಲೂಡುವ ತಾಯಿಗೆ ಅದಿಲ್ಲ. ಬಾಗಿಲಿಲ್ಲವೆಂಬ ಕಾರಣಕ್ಕೆ ಆಕೆಯ ಬದುಕನ್ನು ತೆರೆದ ಮನೆಯೆಂದು ಎಣಿಸುವುದು ನ್ಯಾಯವಲ್ಲ.

1936ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಕೊಯ್ಯುವ ಕೂಲಿಗಳ ಬಿಡಾರದಲ್ಲಿ, ಸರ್ಕಾರದ ಪರವಾಗಿ ಚಿತ್ರ ತೆಗೆಯುತ್ತಿದ್ದ ಡೊರೊಥಿಯಾ ಲ್ಯಾಂಗ್ ಮಕ್ಕಳೊಡನೆ ಕುಳಿತಿದ್ದ 32 ವರ್ಷದ ತಾಯಿಯೊಬ್ಬರ ಚಿತ್ರ ತೆಗೆದರು. ಹೆಸರು ಕೇಳಲಿಲ್ಲ. ಚಿತ್ರಗಳು ಪತ್ರಿಕೆಗೆ ತಲುಪಿದ ಮೇಲೆ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ಕುಟುಂಬ ಬೇರೆಡೆಗೆ ಹೊರಟುಹೋಗಿತ್ತು. ಚಿತ್ರ ಲೋಕಪ್ರಸಿದ್ಧವಾಯಿತು. 1978ರಲ್ಲಿ ಆ ತಾಯಿ, ಫ್ಲಾರೆನ್ಸ್ ಥಾಂಪ್ಸನ್, ಅದರಿಂದ ತಮಗೆ ಒಂದು ಕಾಸೂ ಬರಲಿಲ್ಲ, ತೆಗೆಯದಿದ್ದರೇ ಚೆನ್ನಾಗಿತ್ತು ಎಂದು ನೊಂದುಕೊಂಡರು. 1983ರಲ್ಲಿ ಅವರು ಕಾಯಿಲೆ ಬಿದ್ದಾಗ ಅದೇ ಚಿತ್ರವನ್ನು ನೆನೆದು ಅಪರಿಚಿತರು ಹಣ ಕಳಿಸಿದರೆಂಬುದನ್ನೂ ಜಮಾ ಬದಿಯಲ್ಲಿ ಬರೆಯಬೇಕು.

ಚಿತ್ರವೇ ಬೇಡವೆನ್ನುವವನು ನಾನಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಮೊದಲು ಕಾಣುವುದು ಮಗು, ಬಡತನ ಆಮೇಲೆ.

ನಮ್ಮ ಸಂಸ್ಥೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ನಾನು ಸದಸ್ಯನಾಗಿರುವ ದತ್ತಿಯೊಂದರ ವಾರ್ಷಿಕ ವರದಿಗೆ, ಹೊಲಿಗೆ ಯಂತ್ರ ಪಡೆದ ವಿಧವೆಯೊಬ್ಬರ ಚಿತ್ರವನ್ನು ಮುಖಪುಟವಾಗಿಸುವ ಸೂಚನೆ ಬಂದಿತು. ಕೊಡುವವರು ಆರು ಮಂದಿ, ಆರು ಮಂದಿಯ ಕೈಯೂ ಯಂತ್ರದ ಮೇಲೆ! ಆಕೆ ತಲೆ ತಗ್ಗಿಸಿ ನಿಂತಿದ್ದರು. ಒಪ್ಪಿಗೆ ಪಡೆದಿದೆಯಲ್ಲ ಎಂದರು ಕಾರ್ಯದರ್ಶಿಗಳು. ಯಂತ್ರ ಕೈಸೇರುವ ಮುನ್ನ ಕೇಳಿದ ಒಪ್ಪಿಗೆ ಎಂಥದು? ಬಾಕಿದಾರನನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಬರೆಸಿದ ಪತ್ರಕ್ಕೆ ಎಷ್ಟು ಬೆಲೆಯೋ ಅಷ್ಟೇ. ಆಕೆಯ ಮಗಳು ಅದೇ ಊರಿನ ಶಾಲೆಯಲ್ಲಿ ಓದುತ್ತಿದ್ದಾಳೆ, ವರದಿ ಹೋಗುವುದು ಅವಳ ಸಹಪಾಠಿಗಳ ಮನೆಗಳಿಗೆ. ಚತುರ್ವಿಧ ದಾನಗಳಲ್ಲಿ ಅಭಯದಾನವನ್ನೂ ಎಣಿಸುವ ನಾವು, ಯಂತ್ರದೊಡನೆ ಅಂಜಿಕೆಯನ್ನೂ ಕಟ್ಟಿ ಕಳಿಸುವುದೆಂತು?

ಎರಡು ಸಭೆಗಳ ವಾದದ ನಂತರ ಕೆಲವು ನಿಯಮಗಳಾದವು. ನೆರವು ಮೊದಲು, ತಿಂಗಳು ಕಳೆದ ಮೇಲೆ, ಅವರ ಮನೆಯಲ್ಲಿಯೇ, ದಾನಿಗಳಾರೂ ಇಲ್ಲದಾಗ ಚಿತ್ರದ ಮಾತು. ಅಚ್ಚಿಗೆ ಮುನ್ನ ಅವರಿಗೆ ತೋರಿಸಬೇಕು, ಒಂದು ಪ್ರತಿಯನ್ನು ಕೊಡಬೇಕು. ಬೇಡವೆಂದರೆ ಕಾರಣ ಕೇಳಕೂಡದು. ವರದಿ ಬಡವಾಯಿತೆಂದು ಕೆಲವರು ಗೊಣಗಿದರು. ತಮ್ಮ ಹಣ ತಲುಪಿತೆಂಬುದಕ್ಕೆ ಸಾಕ್ಷಿಯೇನೆಂದು ದಾನಿಯೊಬ್ಬರು ಬರೆದರು. ಖರೀದಿಯ ರಸೀದಿಯ ನಕಲನ್ನೂ ಯಂತ್ರದ ಸಂಖ್ಯೆಯನ್ನೂ ಕಳಿಸಿದೆನು, ಉತ್ತರ ಬಂದಿಲ್ಲ. ಸ್ವಯಂಸೇವಕರ ಜೇಬಿನಲ್ಲಿರುವ ಮೊಬೈಲುಗಳಿಗೆ ಈ ನಿಯಮವನ್ನು ಅನ್ವಯಿಸುವ ಬಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸಭೆಯ ವಿಷಯಸೂಚಿಯಲ್ಲಿದೆ.