ಮನೆಗೆ ಎರಡು ದಿನವೋ, ತಲೆಗೆ ಒಂದು ದಿನವೋ?

ಆಫೀಸಿನಿಂದ ಬಂದು ರಾತ್ರಿ ಒಂಬತ್ತಕ್ಕೆ ಸೊಪ್ಪು ಸೋಸೋಕೆ ಕೂತವರಿಗೆ ಒಂದು ದಾರಿ ಇದೆ: ಅಕ್ಕಪಕ್ಕದ ಮನೆಯವರ ಜೊತೆ ಅಡುಗೆಗೆ ಸರದಿ ಹಾಕಿಕೊಳ್ಳೋದು. ನಾವು ಎಂಟು ತಿಂಗಳಿಂದ ಹೀಗೆ ಮಾಡ್ತಿದ್ದೀವಿ. ರುಚಿ ಹೊಂದಲ್ಲ, ಜಗಳ ಆಗುತ್ತೆ ಅಂತ ಹೆದರಿಸಿದವರೇ ಹೆಚ್ಚು. ಅದ್ಯಾವುದೂ ಅಷ್ಟು ತೊಂದರೆ ಕೊಡಲಿಲ್ಲ. ಕಷ್ಟ ಆಗಿದ್ದು ಲೆಕ್ಕದ ವಿಷಯದಲ್ಲಿ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನ ಒಂದೇ ಫ್ಲೋರ್‌ನಲ್ಲಿ ಮೂರು ಮನೆ, ಆರು ಜನ. ನಾನು, ನನ್ನ ಗಂಡ ಇಬ್ಬರೂ ಸಾಫ್ಟ್‌ವೇರ್. ಎದುರು ಮನೆಯಲ್ಲಿ ಕಲಬುರಗಿ ಕಡೆಯ ಇಬ್ಬರು ಹುಡುಗರು. ಪಕ್ಕದಲ್ಲಿ ಶಿವಮೊಗ್ಗದ ಆಂಟಿ, ರಿಟೈರ್ ಆದ ಅಂಕಲ್. ಸೋಮವಾರದಿಂದ ಶನಿವಾರ, ರಾತ್ರಿ ಊಟ ಮಾತ್ರ. ಅನ್ನ, ಮುದ್ದೆ, ಚಪಾತಿ ಅವರವರ ಮನೆಯಲ್ಲೇ. ಸರದಿಯವರು ಸಾರೋ ಹುಳಿಯೋ ಒಂದು, ಜೊತೆಗೊಂದು ಪಲ್ಯ ಮಾಡಿ ಎಂಟೂವರೆಯೊಳಗೆ ಡಬ್ಬಿ ತಲುಪಿಸಬೇಕು. ಹಂಚೋ ಡಬ್ಬಿಯಲ್ಲಿ ಮೊಟ್ಟೆ, ಮಾಂಸ ಇರಲ್ಲ. ಅವರವರ ಅಡುಗೆಮನೆಯಲ್ಲಿ ಏನು ಬೇಯುತ್ತೆ ಅಂತ ಯಾರೂ ಕೇಳೋ ಹಾಗಿಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನೋ ಅಮ್ಮಂದಿರ ಶಾಸ್ತ್ರವನ್ನೂ ಕೈಬಿಟ್ವಿ. ತೊಳೆದು ಕೊಟ್ಟರೆ ಸಾಕು.

ಇದರ ಲಾಭ ಕುಕ್ಕರ್‌ನಲ್ಲೇ ಕಾಣುತ್ತೆ. ಇಬ್ಬರಿಗೆ ಬೇಳೆ ಇಟ್ಟರೂ ಆರು ಜನಕ್ಕೆ ಇಟ್ಟರೂ ವಿಷಲ್ ಅಷ್ಟೇ. ಮಸಾಲೆ ಹುರಿಯೋದು, ರುಬ್ಬೋದು, ಮಿಕ್ಸಿ ಜಾರ್ ತೊಳೆಯೋದು ಎಲ್ಲ ಒಂದೇ ಸಲ. ಜಾಸ್ತಿ ಆಗೋದು ತರಕಾರಿ ಹೆಚ್ಚೋ ಕೆಲಸ ಮಾತ್ರ. ಇಬ್ಬರ ಹುಳಿಗೆ ನನಗೆ ಮುಕ್ಕಾಲು ಗಂಟೆ ಬೇಕು, ಆರು ಜನದ್ದಕ್ಕೆ ಒಂದು ಗಂಟೆ ಹತ್ತು ನಿಮಿಷ. ನನ್ನ ದಿನ ಹೆಚ್ಚಾಗಿ ಬಸ್ಸಾರೇ, ತುಮಕೂರಿನವಳಲ್ವಾ! ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದ್ರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ರೆ ಪಲ್ಯ. ಹಂಚಿ ತಿನ್ನೋರಿಗೆ ಇದಕ್ಕಿಂತ ಜಾಣ ಅಡುಗೆ ಇಲ್ಲ ಅಂತ ನನ್ನ ವಾದ. ಹುಡುಗರು ಒಪ್ಪಲ್ಲ. ಅವರಿಗೆ ಪುಂಡಿಪಲ್ಯದ ಮುಂದೆ ಎಲ್ಲವೂ ಸಪ್ಪೆ.

ಇನ್ನು ಲೆಕ್ಕ. ಮೊದಲು ಮನೆಗೆ ಎರಡು ದಿನ ಅಂತ ಹಂಚಿಕೊಂಡಿದ್ವಿ. ಕೇಳೋಕೆ ನ್ಯಾಯವಾಗೇ ಇದೆ, ಅಲ್ವಾ? ಎರಡು ತಿಂಗಳಾದ ಮೇಲೆ ನೋಡಿದ್ರೆ ಹುಡುಗರು ಒಬ್ಬೊಬ್ಬರು ಒಂದೊಂದು ದಿನ ಮಾಡ್ತಿದ್ರು. ನಮ್ಮ ಮನೆಯ ಎರಡೂ ದಿನ ನಾನು, ಆ ಮನೆಯ ಎರಡೂ ದಿನ ಆಂಟಿ. "ನಾನು ಪಾತ್ರೆ ತೊಳೀತೀನಲ್ಲ" ಅಂದ ನನ್ನ ಗಂಡ. ಅಂಕಲ್ ಏನೂ ಅನ್ನಲಿಲ್ಲ. ಈ ಮಾತು ತಮಗೂ ಸೇರಿದ್ದು ಅಂತ ಅವರಿಗೆ ಅನ್ನಿಸಿರಲೇ ಇಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮಾಡುವ ಗಂಡಸರು 97 ನಿಮಿಷ. ಮನೆ ಅಂತ ಎಣಿಸಿದ್ರೆ ಈ ವ್ಯತ್ಯಾಸ ಕಾಣಿಸೋದೇ ಇಲ್ಲ.

ಗ್ರೂಪ್‌ನಲ್ಲಿ ಹೊಸ ಶೀಟ್ ಹಾಕಿದೆ: ಆರು ದಿನ, ಆರು ಹೆಸರು. ವಿರೋಧ ಬಂದಿದ್ದು ಅಂಕಲ್‌ರಿಂದ ಅಲ್ಲ, ಆಂಟಿಯಿಂದ. "ಅವರಿಗೆ ಸ್ಟವ್ ಹಚ್ಚೋಕೂ ಬರಲ್ಲ ಕಣಮ್ಮ. ಗುರುವಾರದ್ದೂ ನಾನೇ ಮಾಡಿಬಿಡ್ತೀನಿ."

"ಆಗ ಶೀಟ್ ಮಾತ್ರ ಬದಲಾಗುತ್ತೆ ಆಂಟಿ" ಅಂದೆ.

ನಾನು ಪಟ್ಟು ಹಿಡಿಯೋಕೆ ಇನ್ನೊಂದು ಕಾರಣ ಇತ್ತು. ಪುಣೆಯಲ್ಲಿರೋ ಮಗಳ ಬಾಣಂತನಕ್ಕೆ ಆಂಟಿ ಹೋಗಬೇಕಿತ್ತು. ಅಂಕಲ್‌ಗೆ ಬಿಪಿ, ಹೋಟೆಲ್ ಊಟ ಬೇಡ ಅಂದಿದ್ರು ಡಾಕ್ಟರ್. "ಇವರನ್ನ ಬಿಟ್ಟು ಹೇಗೆ ಹೋಗ್ಲಿ" ಅಂತ ಆಂಟಿ ಟಿಕೆಟ್ ಬುಕ್ ಮಾಡದೇ ದಿನ ದೂಡ್ತಿದ್ರು. ಮಗಳಿಗೆ ಆಗ ಏಳನೇ ತಿಂಗಳು.

ಎದುರು ಮನೆ ಹುಡುಗನೊಬ್ಬ ಅಂಕಲ್ ಪಕ್ಕ ನಿಂತು ಕಲಿಸಿದ. "ಅಂಕಲ್ರೀ, ಬ್ಯಾಳಿ ಇನ್ನಾ ಬೆಂದಿಲ್ರಿ, ಎರಡ್ ಸೀಟಿ ಬರ್ಲಿ." ಮೊದಲ ಗುರುವಾರ ತಿಳಿಸಾರು, ಉಪ್ಪೇ ಇಲ್ಲ. ಎಲ್ಲರೂ ಮೇಲೆ ಉದುರಿಸಿಕೊಂಡು ಉಂಡ್ವಿ. ನಾಲ್ಕನೇ ಗುರುವಾರ ಬೀನ್ಸ್ ಪಲ್ಯ ಬಂತು, ಒಂದೊಂದು ಹೋಳೂ ಸ್ಕೇಲ್ ಇಟ್ಟು ಕೊಯ್ದ ಹಾಗೆ. ಮೂವತ್ತು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವರ ಕೈ ಅದು. ನನ್ನ ಗಂಡನ ಮಂಗಳವಾರ ಮಾತ್ರ ಇವತ್ತಿಗೂ ಟೊಮೆಟೊ ಸಾರೇ. ಇರಲಿ, ಅವತ್ತು ನಾನು ಏಳು ಗಂಟೆ ಕಾಲ್‌ನಲ್ಲಿ ನೆಮ್ಮದಿಯಾಗಿ ಕೂತಿರ್ತೀನಿ.

ಆಂಟಿ ಪುಣೆಗೆ ಹೋಗಿ ಎರಡು ತಿಂಗಳಾಯ್ತು. ಬೆಳಗಿನ, ಮಧ್ಯಾಹ್ನದ ಅಡುಗೆ ಅಂಕಲ್ ತಾವೇ ನೋಡ್ಕೋತಿದ್ದಾರೆ. ಆಂಟಿಯ ಶನಿವಾರ ಖಾಲಿ ಬಿಟ್ಟಿದ್ದೀವಿ, ಅವತ್ತು ಎಲ್ಲರಿಗೂ ಮೊಸರನ್ನ, ಉಪ್ಪಿನಕಾಯಿ.

ಹೋದ ವಾರ ಆಂಟಿ ಫೋನ್ ಮಾಡಿದ್ರು. ಅಂಕಲ್ ಬಗ್ಗೆ ಕೇಳ್ತಾರೆ ಅಂದ್ಕೊಂಡೆ.

"ಆ ಶೀಟ್ ನಂಗೊಂದು ಕಳ್ಸಮ್ಮ" ಅಂದ್ರು. "ಇಲ್ಲಿ ಅಳಿಯಂದ್ರ ಹೆಸರು ಬರೀಬೇಕು."